ಮುಖದ ಮೇಲಣ ದದ್ದು: ದೂರದ ವೈದ್ಯರಿಗೆ ತೋರಿಸುವ ಮುನ್ನ ಮಾಡಿಕೊಳ್ಳತಕ್ಕ ಸಿದ್ಧತೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಸೀಮೆಯ ಬೇಸಾಯಗಾರರಲ್ಲಿ, ಮಳೆ ಹಿಡಿದು ಹೊಲದ ಬದುಗಳು ಹಸುರಾಗುವ ಹೊತ್ತಿಗೆ ಕೆಲವರ ಮುಖದ ಮೇಲೆ ನವೆಯಿಂದ ಕೂಡಿದ ದದ್ದುಗಳು ಏಳುವುದುಂಟು. ಮೊದಲು ಕಣ್ಣಿನ ರೆಪ್ಪೆಗಳು ಊದುವುವು. ಬಳಿಕ ಹಣೆ, ಕೆನ್ನೆ, ಕತ್ತು ಇವು ಒರಟಾಗಿ ಕಪ್ಪಡರುವುವು. ರೋಗಿಯು ಇದನ್ನು ಬಿಸಿಲಿನ ದೋಷವೆಂದೋ ರಕ್ತ ಕೆಟ್ಟಿತೆಂದೋ ಎಣಿಸಿ, ಔಷಧದ ಅಂಗಡಿಯವನು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತ ಎರಡು ಮೂರು ವರ್ಷಗಳನ್ನು ಕಳೆಯುವನು. ಮೊದಮೊದಲು ಮಳೆಗಾಲದೊಡನೆ ಬಂದು ಹೋಗುತ್ತಿದ್ದ ವ್ಯಾಧಿಯು ಕಡೆಗೆ ಬೇಸಗೆಯಲ್ಲಿಯೂ ಬಿಡದಂತಾಗಿ, ಹೊಲಕ್ಕೆ ಹೋಗುವುದೇ ಕಷ್ಟವಾಗುವುದು. ದುಡಿಯುವ ಒಬ್ಬ ಮನುಷ್ಯನು ಹೊಲ ಬಿಟ್ಟು ಕುಳಿತರೆ ಆ ಮನೆಗೆ ಆಗುವ ನಷ್ಟವನ್ನು ಗ್ರಾಮದ ಮುಖಂಡರಿಗೂ ಭೂಮಾಲೀಕರಿಗೂ ಹೇಳಬೇಕಾಗಿಲ್ಲ.

ಚರ್ಮರೋಗ ತಜ್ಞರನ್ನು ಕಾಣಲು ಪಟ್ಟಣಕ್ಕೆ ಹೋಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವ ಬದಲು, ಊರಿನಲ್ಲಿದ್ದುಕೊಂಡೇ ವೈದ್ಯರ ಸಲಹೆಯನ್ನು ಪಡೆಯುವ ಅನುಕೂಲವು ಈಗ ಒದಗಿದೆ. ಕರ್ನಾಟಕದಲ್ಲಿ ದೂರವೈದ್ಯವು ತೀರ ಹೊಸದಲ್ಲ. 2002ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ಆಸ್ಪತ್ರೆಯನ್ನೂ ಬೆಂಗಳೂರಿನ ತಜ್ಞರೊಡನೆ ಕೂಡಿಸಲಾಗಿತ್ತು. 2020ನೆಯ ಮಾರ್ಚಿಯಲ್ಲಿ ಭಾರತ ಸರ್ಕಾರದವರು ದೂರವೈದ್ಯಕ್ಕೆ ನಿಯಮಗಳನ್ನು ಪ್ರಕಟಿಸಿದರು. ಮುಂದಿನ ತಿಂಗಳಲ್ಲಿ ‘ಇ-ಸಂಜೀವಿನಿ’ ಎಂಬ ಸೇವೆಯು ಮನೆಯಿಂದಲೇ ದೂರವಾಣಿಯ ಮೂಲಕ ಸಲಹೆ ಪಡೆಯುವವರಿಗೂ ತೆರೆಯಿತು. ಸ್ವಂತ ದೂರವಾಣಿಯಿಲ್ಲದವರು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಸಹಾಯದಿಂದ ವೈದ್ಯರೊಡನೆ ಮಾತನಾಡಬಹುದು. ಇದಕ್ಕೆ ಶುಲ್ಕವಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವಾದ ಮುದ್ದೇನಹಳ್ಳಿಯಲ್ಲಿ 2023ನೆಯ ಮಾರ್ಚಿಯಿಂದ ವೈದ್ಯಕೀಯ ಕಾಲೇಜೇ ಇರುವಾಗ, ಪರದೆಯ ಮೇಲೆ ಮುಖ ತೋರಿಸುವ ಅಗತ್ಯವೇನೆಂದು ಕೆಲವರು ಕೇಳಬಹುದು. ಹತ್ತಿರದಲ್ಲಿರುವವರು ನೇರವಾಗಿ ಹೋಗುವುದೇ ಮೇಲು. ಆದರೆ ನಂದಿಬೆಟ್ಟದ ತಪ್ಪಲಿನ ಎಲ್ಲ ಹಳ್ಳಿಗಳೂ ಆಸ್ಪತ್ರೆಯ ಬಾಗಿಲಲ್ಲಿಲ್ಲ. ಹೂ ಕೊಯ್ಲಿನ ದಿನಗಳಲ್ಲಿ ಯಾರೂ ತೋಟ ಬಿಟ್ಟು ಏಳುವುದೂ ಇಲ್ಲ. ‘ಇನ್ನೊಂದು ವಾರ ನೋಡೋಣ’ ಎಂದು ಮುಂದೂಡುವವರಿಗೆ ದೂರವೈದ್ಯವು ಉಪಯುಕ್ತವಾದುದು. ಆದರೆ ದೂರದ ವೈದ್ಯರು ಚರ್ಮವನ್ನು ಮುಟ್ಟಿ ನೋಡಲಾರರು, ರೋಗಿಯ ಹೊಲವನ್ನು ಕಂಡವರಲ್ಲ. ಅವರ ತೀರ್ಮಾನವು ರೋಗಿಯು ಒದಗಿಸುವ ಚಿತ್ರಗಳನ್ನೂ ವಿವರಗಳನ್ನೂ ಅವಲಂಬಿಸಿರುವುದು. ಸಿದ್ಧತೆಯಿಲ್ಲದೆ ಕುಳಿತರೆ ಕೆಲವು ನಿಮಿಷಗಳ ಭೇಟಿಯು ‘ನವೆ ಇದೆ, ಔಷಧ ಕೊಡಿ’ ಎಂಬುದರಲ್ಲಿಯೇ ಮುಗಿಯುವುದು.

ಈ ಸೀಮೆಯಲ್ಲಿ ವೈದ್ಯರಿಗೆ ಮೊದಲು ತಿಳಿಸತಕ್ಕ ಸಂಗತಿಯೆಂದರೆ ಪಾರ್ಥೇನಿಯಂ ಕಳೆಯ ಸಂಪರ್ಕ. ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಈ ಕಳೆಯು 1955ರ ಸುಮಾರಿನಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿತು. ಇದನ್ನು ಅಡಗಿಸಲು 1983ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿಗೆ ಎಲೆ ತಿನ್ನುವ ಒಂದು ದುಂಬಿಯನ್ನು ತರಿಸಲಾಯಿತು. ದುಂಬಿಯು ನೆಲೆಸಿತು, ಕಳೆಯು ಮಾತ್ರ ತೊಲಗಲಿಲ್ಲ. ಇದರ ಎಲೆ, ಕಾಂಡ, ಹೂಗಳ ಮೇಲಿರುವ ಸೂಕ್ಷ್ಮ ರೋಮಗಳಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿಬಂದು ಮುಖಕ್ಕೆ ತಗಲಿದರೂ, ಮೈಗೆ ಒಗ್ಗದವರಲ್ಲಿ ದದ್ದು ಏಳುವುದು. ಆದಕಾರಣ ‘ಗಿಡವನ್ನು ನಾನು ಮುಟ್ಟಲೇ ಇಲ್ಲ’ ಎಂಬ ಮಾತಿನಿಂದ ಸಂದೇಹವು ನಿವಾರಣೆಯಾಗುವುದಿಲ್ಲ. ಈ ಭಾಗದ ರೈತರು ಹೆಚ್ಚಾಗಿ ಬೆಳೆಯುವ ಸೇವಂತಿಗೆಯೂ ಚೆಂಡುಹೂವೂ ಇದೇ ಸಸ್ಯಕುಟುಂಬಕ್ಕೆ ಸೇರಿದವು. ಪಾರ್ಥೇನಿಯಂ ಒಗ್ಗದವರಿಗೆ ಕೆಲವೊಮ್ಮೆ ಸೇವಂತಿಗೆಯೂ ಒಗ್ಗದು. ಹೂ ಬಿಡಿಸಿದ ದಿನ ಸಂಜೆ ಉರಿ ಹೆಚ್ಚುವುದೋ, ಒಂದು ವಾರ ನೆಂಟರ ಊರಿಗೆ ಹೋಗಿದ್ದಾಗ ಕಡಿಮೆಯಾಯಿತೋ ಎಂಬ ಸಂಗತಿಗಳನ್ನು ರೋಗಿಯ ಹೊರತು ಬೇರೆ ಯಾರೂ ಹೇಳಲಾರರು.

ಆದುದರಿಂದ ಭೇಟಿಯ ಹಿಂದಿನ ದಿನ ಅರ್ಧ ಹಾಳೆಯ ಕಾಗದದ ಮೇಲೆ ಒಂದು ವಿವರಣೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ದದ್ದು ಯಾವ ತಿಂಗಳಿನಲ್ಲಿ, ಮುಖದ ಯಾವ ಭಾಗದಲ್ಲಿ ಮೊದಲು ಕಂಡಿತು, ಹೇಗೆ ಹರಡಿತು, ನವೆಯೋ ಉರಿಯೋ ನೋವೋ, ಬಿಸಿಲಿಗೆ ಹೋದರೆ ಹೆಚ್ಚುವುದೋ, ದ್ರಾಕ್ಷಿಗೋ ತರಕಾರಿಗೋ ಯಾವ ಔಷಧವನ್ನು ಯಾವ ದಿನ ಸಿಂಪಡಿಸಿದರು, ಮನೆಯಲ್ಲಿ ಬೇರೆಯವರಿಗೂ ಇದೆಯೋ, ಸಕ್ಕರೆ ಕಾಯಿಲೆ ರಕ್ತದೊತ್ತಡಗಳಿಗೆ ನುಂಗುವ ಮಾತ್ರೆಗಳಾವುವು, ಹಿಂದೆ ಯಾವ ಔಷಧವಾದರೂ ಒಗ್ಗದೆ ಹೋಗಿತ್ತೋ, ಹೆಂಗಸರಾದರೆ ಗರ್ಭಿಣಿಯೋ ಮಗುವಿಗೆ ಹಾಲೂಡುವವರೋ, ಇಷ್ಟು ಇದ್ದರೆ ಸಾಕು. ಓದು ಬರಹ ಬಾರದವರಿಗೆ ಶಾಲೆಯ ಹುಡುಗನೊಬ್ಬನು ಕಾಲು ಗಂಟೆಯಲ್ಲಿ ಬರೆದುಕೊಟ್ಟಾನು. ಸಿಂಪರಣೆಯ ಔಷಧದ ಡಬ್ಬಿಯ ಚೀಟಿಯನ್ನೂ ಬದುವಿನ ಗಿಡವನ್ನೂ ಚಿತ್ರ ತೆಗೆದಿಡಬೇಕು. ತೋರಿಸುವುದಕ್ಕಾಗಿ ಗಿಡವನ್ನು ಬರಿಗೈಯಿಂದ ಕಿತ್ತು ತರುವ ಸಾಹಸವನ್ನು ಯಾರೂ ಮಾಡತಕ್ಕದ್ದಲ್ಲ.

ಚಿತ್ರಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆಯು ಅವಶ್ಯಕ. ಚಲಿಸುವ ಪರದೆಯಲ್ಲಿ ಕಾಣುವ ಮುಖಕ್ಕಿಂತ ಮೊದಲೇ ತೆಗೆದ ಸ್ಥಿರಚಿತ್ರವು ಬಹುಮಟ್ಟಿಗೆ ಸ್ಪಷ್ಟವಾಗಿರುವುದು. ಮುಖವನ್ನು ತಣ್ಣೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಅರಿಸಿನ, ವಿಭೂತಿ, ಪೌಡರು, ಎಣ್ಣೆ ಯಾವುದೂ ಇಲ್ಲದಂತೆ ಮಾಡಿ, ಬೆಳಗಿನ ಹೊತ್ತು ಜಗುಲಿಯ ನೆರಳಿನಲ್ಲಿ ಬೆಳಕಿಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ನೇರ ಬಿಸಿಲಾಗಲಿ ವಿದ್ಯುದ್ದೀಪದ ಹಳದಿ ಬೆಳಕಾಗಲಿ ಚರ್ಮದ ಬಣ್ಣವನ್ನು ಕೆಡಿಸುವುದು. ದೂರವಾಣಿಯ ಗಾಜನ್ನು ಒರಸಿ, ಮತ್ತೊಬ್ಬರಿಂದ ಹಿಂಬದಿಯ ಕ್ಯಾಮರಾದಲ್ಲಿ ಚಿತ್ರ ತೆಗೆಸಬೇಕು. ಈಗಿನ ಅನೇಕ ದೂರವಾಣಿಗಳು ಮುಖವನ್ನು ತಾವಾಗಿಯೇ ನುಣುಪುಗೊಳಿಸಿ ಅಂದವಾಗಿ ತೋರಿಸುವುವು. ಮದುವೆಯ ಮನೆಯಲ್ಲಿ ಅದು ಸಂತೋಷವೇ ಹೊರತು ವೈದ್ಯರಿಗೆ ರೋಗವನ್ನು ಮರೆಮಾಡುವ ಕೆಲಸ. ಆ ಏರ್ಪಾಡನ್ನು ನಿಲ್ಲಿಸಿಯೇ ಚಿತ್ರ ತೆಗೆಯತಕ್ಕದ್ದು. ಮುಖ ಪೂರ್ತಿ ಎದುರಿನಿಂದ ಒಂದು, ಎಡ ಬಲಗಳಿಂದ ಒಂದೊಂದು, ದದ್ದಿನ ಹತ್ತಿರದಿಂದ ಒಂದು ಗೇಣಿನ ದೂರದಲ್ಲಿ ಒಂದೆರಡು. ಕಣ್ಣು ಮುಚ್ಚಿಸಿ ರೆಪ್ಪೆಗಳನ್ನೂ, ಕಿವಿಯ ಹಿಂಭಾಗವನ್ನೂ, ಗದ್ದದ ಕೆಳಭಾಗವನ್ನೂ ಮರೆಯದೆ ತೆಗೆಯಬೇಕು. ಬಿಸಿಲಿನಿಂದ ಏಳುವ ದದ್ದು ಸಾಮಾನ್ಯವಾಗಿ ಈ ಮರೆಯ ಸ್ಥಳಗಳನ್ನು ಬಿಟ್ಟುಬಿಡುವುದು. ಗಾಳಿಯಲ್ಲಿ ಬರುವ ಧೂಳಿನದು ಅಲ್ಲಿಗೂ ನುಗ್ಗುವುದು. ಮೊಣಕೈ ಮಡಿಕೆಗಳಲ್ಲಿಯೂ ಇದ್ದರೆ ಅದನ್ನೂ ತೋರಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದೆ ನೇರಳೆಯಾಗಿಯೋ ಬರಿಯ ಕಪ್ಪಾಗಿಯೋ ಕಾಣುವುದರಿಂದ, ಮುಟ್ಟಿದರೆ ಬಿಸಿಯೋ ಒರಟೋ ಉಬ್ಬಿದೆಯೋ ಎಂಬುದನ್ನು ಬಾಯಲ್ಲಿ ಹೇಳತಕ್ಕದ್ದು. ಬೆಳಿಗ್ಗೆ ಎದ್ದು ಮಧ್ಯಾಹ್ನಕ್ಕೆ ಮಾಯವಾಗುವ ಗಂಧೆಯಾದರೆ, ಇರುವಾಗಲೇ ಚಿತ್ರ ತೆಗೆದಿಡಬೇಕು. ಈ ಚಿತ್ರಗಳು ವೈದ್ಯರಿಗೆ ಮಾತ್ರ ಹೋಗತಕ್ಕವು. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳ ಮುಖವನ್ನು ಹರಡುವುದು ರೋಗಕ್ಕಿಂತ ಹೆಚ್ಚಿನ ನೋವನ್ನುಂಟುಮಾಡೀತು.

ಬಹಳ ಮಂದಿ ಮುಚ್ಚಿಡುವುದು ತಾವು ಹಚ್ಚಿಕೊಂಡ ಮುಲಾಮನ್ನು. ನವೆಗೆಂದು ಅಂಗಡಿಗಳಲ್ಲಿ ಕೇಳಿ ತರುವ ಅನೇಕ ಮುಲಾಮುಗಳಲ್ಲಿ ಸ್ಟೆರಾಯಿಡ್ ಬೆರೆತಿರುವುದು. ಹಚ್ಚಿದ ಮೂರು ದಿನಗಳಲ್ಲಿ ಗುಣ ಕಾಣುವುದರಿಂದ ಜನರಿಗೆ ಅದರಲ್ಲಿ ನಂಬಿಕೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮವು ತೆಳುವಾಗಿ, ಕೆಂಪು ನರಗಳು ಕಂಡು, ಮೊಡವೆಗಳೆದ್ದು, ಬಿಟ್ಟ ಕೂಡಲೇ ಉರಿ ಮೊದಲಿಗಿಂತ ಹೆಚ್ಚುವುದು. ಹುಳುಕಡ್ಡಿಯಾದರೆ ರೂಪ ಬದಲಿಸಿ ವೈದ್ಯರನ್ನೇ ಮೋಸಗೊಳಿಸುವುದು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರದವರು ನಿಯಮ ಮಾಡಿದರು. ಖಾಲಿಯಾದ ಕೊಳವೆಯನ್ನಾದರೂ ಸರಿಯೇ, ಹೆಸರು ಕಾಣುವಂತೆ ಪರದೆಯ ಮುಂದೆ ಹಿಡಿಯಬೇಕು. ಸುಣ್ಣ, ಬೂದಿ, ಸೊಪ್ಪಿನ ರಸ ಹಚ್ಚಿದ್ದರೆ ನಾಚದೆ ಹೇಳಬೇಕು. ವೈದ್ಯರು ಹಿಂದೆ ಬರೆದುಕೊಟ್ಟ ಔಷಧವನ್ನು ಭೇಟಿಗಾಗಿ ತಾನಾಗಿ ನಿಲ್ಲಿಸತಕ್ಕದ್ದಲ್ಲ.

ಕೆಲವು ಲಕ್ಷಣಗಳಿದ್ದಾಗ ಸರದಿಗೆ ಕಾಯದೆ ಆಸ್ಪತ್ರೆಗೇ ಹೋಗಬೇಕು. ತುಟಿ ನಾಲಗೆಗಳು ಊದಿ ಉಸಿರಾಟ ಕಷ್ಟವಾಗುವುದು, ಹಣೆಯ ಒಂದೇ ಪಕ್ಕದಲ್ಲಿ ಕಣ್ಣು ಮೂಗುಗಳ ಬಳಿ ನೋವಿನಿಂದ ಕೂಡಿದ ನೀರುಗುಳ್ಳೆಗಳು ಏಳುವುದು, ದೃಷ್ಟಿ ಮಂದವಾಗುವುದು, ಹೊಸ ಮಾತ್ರೆ ನುಂಗಿದ ಬಳಿಕ ಜ್ವರದೊಡನೆ ಬಾಯಿ ಕಣ್ಣುಗಳು ಹುಣ್ಣಾಗುವುದು, ಇವು ತಡೆಯಲಾಗದವು. ನವೆಯಿಲ್ಲದೆ ತಿಳಿಬಣ್ಣದ ಮಚ್ಚೆಯಾಗಿ ಮುಟ್ಟಿದರೆ ಅರಿವಾಗದಿದ್ದರೆ ಅದು ಕುಷ್ಠವಿರಬಹುದು. ಅದನ್ನು ಮುಟ್ಟಿ ಪರೀಕ್ಷಿಸಬೇಕಾದುದರಿಂದ ದೂರವೈದ್ಯ ಸಾಲದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆಯು ಉಚಿತ, ಗುಣವೂ ನಿಶ್ಚಯ. ಮೂಗಿನ ಮೇಲಿಂದ ಎರಡು ಕೆನ್ನೆಗಳಿಗೆ ಹರಡಿದ ಕೆಂಪಿನೊಡನೆ ಕೀಲುನೋವು, ಜ್ವರ, ಸುಸ್ತು ಇದ್ದರೆ ರಕ್ತಪರೀಕ್ಷೆ ಬೇಕಾಗುವುದು. ಈ ಮಾತನ್ನು ಭೇಟಿಯಲ್ಲಿ ಮೊದಲೇ ಹೇಳಬೇಕು.

ಭೇಟಿಯ ದಿನ ದೂರವಾಣಿಗೆ ವಿದ್ಯುತ್ತು ತುಂಬಿಸಿ, ಸಂಕೇತವು ಚೆನ್ನಾಗಿ ಸಿಗುವ ಜಾಗವನ್ನು ಮೊದಲೇ ಹುಡುಕಿಕೊಂಡು, ಆಧಾರ್ ಮೊದಲಾದ ಗುರುತಿನ ಚೀಟಿಯನ್ನೂ ಹಳೆಯ ಔಷಧದ ಚೀಟಿಗಳನ್ನೂ ಬಳಿಯಲ್ಲಿಟ್ಟುಕೊಳ್ಳಬೇಕು. ಮಕ್ಕಳೊಡನೆ ಹಿರಿಯರೊಬ್ಬರು ಇರತಕ್ಕದ್ದು. ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ, ಮುಲಾಮನ್ನು ಎಷ್ಟು ಪ್ರಮಾಣದಲ್ಲಿ ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೇಳಿ ತಿಳಿಯಬೇಕು. ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಒಗ್ಗದ ವಸ್ತುವನ್ನು ಕಂಡುಹಿಡಿಯುವ ಪರೀಕ್ಷೆಗೆ ಬರಹೇಳಿದರೆ ತಪ್ಪದೆ ಹೋಗತಕ್ಕದ್ದು. ಅದು ದೂರದಿಂದ ಆಗುವ ಕೆಲಸವಲ್ಲ.

ಪಾರ್ಥೇನಿಯಂ ಕಾರಣವೆಂದು ತಿಳಿದುಬಂದವನನ್ನು ಅದೇ ಕಳೆ ಕೀಳುವ ಕೂಲಿಗೆ ಹಚ್ಚದಿರುವುದು ಭೂಮಾಲೀಕರ ಕೈಯಲ್ಲಿದೆ. ಉಳಿದವರಿಂದಲೂ ಗಿಡ ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಚೀಲ ತೊಡಿಸಿ, ಮುಖ ಕತ್ತುಗಳನ್ನು ಬಟ್ಟೆಯಿಂದ ಮುಚ್ಚಿಸಿ ಬೇರುಸಹಿತ ಕೀಳಿಸಬೇಕು. ಆ ಬಟ್ಟೆಯನ್ನು ಅಂದೇ ಒಗೆಯದಿದ್ದರೆ ಮರುದಿನ ಅದೇ ಧೂಳು ಮುಖಕ್ಕೆ ಬರುವುದು. ವೈದ್ಯರು ಎರಡನೆಯ ಭೇಟಿಗೆ ದಿನ ಗೊತ್ತುಮಾಡಿದಾಗ, ಮೊದಲಿನ ಜಗುಲಿಯಲ್ಲಿಯೇ, ಅದೇ ಹೊತ್ತಿನ ಬೆಳಕಿನಲ್ಲಿ, ಅದೇ ಪಕ್ಕಗಳಿಂದ ಚಿತ್ರಗಳನ್ನು ಪುನಃ ತೆಗೆದು ತಾರೀಖು ಗುರುತಿಸಿ ಇಟ್ಟಿರತಕ್ಕದ್ದು.