ಎಕರೆಗೆ ಬಿದ್ದ ಕೊರತೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಪಹಣಿಗಳಲ್ಲಿ ಜಮೀನಿನ ಅಳತೆ ಎಕರೆ, ಗುಂಟೆ, ಆಣೆಗಳಲ್ಲಿರುತ್ತದೆ: 16 ಆಣೆಗೆ ಗುಂಟೆ, 40 ಗುಂಟೆಗೆ ಎಕರೆ. ಅಣ್ಣತಮ್ಮಂದಿರ ಪಾಲುಪಟ್ಟಿಯೊಂದಕ್ಕಾಗಿ ನಾನು ಇದನ್ನು ದಶಮಾಂಶಕ್ಕಿಳಿಸಿ ಕಂಪ್ಯೂಟರ್ ಪ್ರೋಗ್ರಾಮ್ ಬರೆದೆ. ನಾಲ್ಕು ಗುಂಟೆಯ, ಅಂದರೆ 0.1 ಎಕರೆಯ, ಹತ್ತು ತುಂಡುಗಳನ್ನು ಕೂಡಿಸಿದರೆ ಬಂದದ್ದು 0.9999999999999999. ಎಕರೆಗೆ ಕೊರತೆ ಎಂದಿತು ಯಂತ್ರ. ಪಾಲಿನ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ!

ಯಂತ್ರ ಎಣಿಸುವುದು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಲ್ಲಿ. ಅಲ್ಲಿ ಹತ್ತನೆಯ ಒಂದು ಭಾಗ ಮುಗಿಯದ ಭಿನ್ನರಾಶಿ; ಎಲ್ಲೋ ಒಂದೆಡೆ ಕತ್ತರಿಸಲೇಬೇಕು. 1991ರಲ್ಲಿ ಸೌದಿಯ ಧಹ್ರಾನ್‌ನಲ್ಲಿ ಸೆಕೆಂಡಿನ ಹತ್ತನೆಯ ಭಾಗದ ಇಂಥದೇ ಕತ್ತರಿಕೆ ಬೆಳೆದು, ಪೇಟ್ರಿಯಟ್ ವ್ಯವಸ್ಥೆ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಅಮೆರಿಕನ್ ಸೈನಿಕರು ಸತ್ತರು.

ಶಾನುಭೋಗರ ಅರೆ, ಕಾಲು, ವೀಸಗಳಾದರೋ ಯಂತ್ರಕ್ಕೂ ನಿಖರ. ಹತ್ತರ ಲೆಕ್ಕವೇ ಆಧುನಿಕವೆಂದು ನಂಬಿದ್ದ ನಾನು, ಎಕರೆಗೆ 640 ಆಣೆಯಂತೆ ಪೂರ್ಣಾಂಕಗಳಲ್ಲೇ ಮತ್ತೆ ಕೂಡಿಸಿದೆ. ಕೊರತೆ ಇರಲಿಲ್ಲ.