ನಿಮಗಿದು ಗೊತ್ತೇ? ನೋಯುವ ಟೆಂಡನ್‌ಗೂ ಭಾರ ಬೇಕು

ಮಾಂಸಖಂಡವನ್ನು ಮೂಳೆಗೆ ಬಿಗಿಯುವ ನಾರಿನ ಹುರಿಯೇ ಟೆಂಡನ್, ಅಂದರೆ ಸ್ನಾಯುರಜ್ಜು. ಭಾರ ಎತ್ತುವವರನ್ನು ಮಂಡಿಚಿಪ್ಪಿನ ಕೆಳಗೆ, ಮೊಣಕೈಯಲ್ಲಿ, ಹಿಮ್ಮಡಿಯ ಮೇಲೆ ತಿಂಗಳುಗಟ್ಟಲೆ ಕಾಡುವ ನೋವು ಬಹಳ ಸಲ ಇದರದ್ದೇ.

ವೇಟ್‌ಲಿಫ್ಟರ್ ಒಬ್ಬರ ಮಂಡಿಚಿಪ್ಪಿನ ಟೆಂಡನ್ ಸ್ಪರ್ಧೆಯ ನಡುವೆಯೇ ಹರಿದುಹೋಯಿತು. ಅದು ಚಿತ್ರೀಕರಣವೂ ಆಗಿತ್ತು. ಆ ಫಿಲ್ಮ್ ಆಧರಿಸಿ ಸಂಶೋಧಕರು ಲೆಕ್ಕ ಹಾಕಿ 1977ರಲ್ಲಿ ಪ್ರಕಟಿಸಿದರು: ಹರಿದ ಕ್ಷಣದಲ್ಲಿ ಟೆಂಡನ್ ಮೇಲಿದ್ದ ಬಲ ಆತನ ದೇಹತೂಕದ ಸುಮಾರು 17.5 ಪಟ್ಟು!

ಅಣುಬಾಂಬ್ ಪರೀಕ್ಷೆಗಳಿಗೂ ನಮ್ಮ ಹಿಮ್ಮಡಿಗೂ ನಂಟಿದೆ. 1950–60ರ ದಶಕಗಳ ಆ ಸ್ಫೋಟಗಳಿಂದ ಗಾಳಿಯಲ್ಲಿ ಇಂಗಾಲ-14 ಏರಿತು. ಅದೇ ಗುರುತನ್ನು ಹಿಡಿದು ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಕಂಡುಕೊಂಡದ್ದು: ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್‌ನ ತಿರುಳು ಸುಮಾರು 17ನೇ ವಯಸ್ಸಿನ ಹೊತ್ತಿಗೆ ರೂಪುಗೊಂಡುಬಿಡುತ್ತದೆ, ಆಮೇಲೆ ಹೊಸದಾಗುವುದು ತೀರಾ ಕಡಿಮೆ. ಮಾಂಸಖಂಡ ಹಾಗಲ್ಲ, ಅದು ಬದಲಾಗುತ್ತಲೇ ಇರುತ್ತದೆ.

ಹಾಗೆಂದು ಕೈಚೆಲ್ಲಬೇಕಿಲ್ಲ. ಕೆಲವು ತಿಂಗಳು ಹದವಾಗಿ ಭಾರ ಹೊರಿಸಿದರೆ ಟೆಂಡನ್ ಹೆಚ್ಚು ಬಿರುಸಾಗುತ್ತದೆ, ಹೆಚ್ಚು ತಾಳುತ್ತದೆ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ತಗ್ಗಬಹುದು, ಜೊತೆಗೆ ಆ ತಾಳಿಕೆಯೂ ತಗ್ಗುತ್ತದೆ. ವಾರಗಟ್ಟಲೆ ಸುಮ್ಮನಿದ್ದು ಹಳೆಯ ತೂಕಕ್ಕೇ ಕೈ ಹಾಕಿದವರಿಗೆ ನೋವು ಮರಳುವುದು ಇದಕ್ಕೇ.

ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್ಸನ್ ಅವರಿಗೇ ಅಕಿಲಿಸ್ ನೋವಿತ್ತು. ಆಪರೇಷನ್ ಮಾಡಿ ಎಂದರೆ ಮೇಲಧಿಕಾರಿ ಒಪ್ಪಲಿಲ್ಲ. ಹರಿದೇ ಹೋದರೆ ಮಾಡಲೇಬೇಕಲ್ಲ ಎಂದು ಹಿಮ್ಮಡಿಗೆ ಭಾರ ಹೇರುತ್ತಾ ಹೋದರು. ಟೆಂಡನ್ ಹರಿಯಲಿಲ್ಲ, ನೋವೇ ಹೋಯಿತು! ಮುಂದೆ 15 ಓಟಗಾರರಿಗೆ 12 ವಾರ ಇದೇ ವ್ಯಾಯಾಮ ಮಾಡಿಸಿದರು: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, ದಿನಕ್ಕೆ 180 ಸಲ. ಅಷ್ಟೂ ಜನ ಓಟಕ್ಕೆ ಮರಳಿದರು. ವರದಿ ಬಂದದ್ದು 1998ರಲ್ಲಿ.

ದಿನಕ್ಕೆ 180 ಬೇಡವೆನ್ನುವವರಿಗೆ ಇನ್ನೊಂದು ದಾರಿ: ವಾರಕ್ಕೆ ಮೂರೇ ದಿನ, ಭಾರವಾದ ತೂಕ, ಮೂರು ಸೆಕೆಂಡಿನಲ್ಲಿ ಇಳಿಸಿ ಮೂರು ಸೆಕೆಂಡಿನಲ್ಲಿ ಎತ್ತುವುದು. ಒಮ್ಮೆಗೆ 15 ಸಲ ಮಾತ್ರ ಎತ್ತಬಲ್ಲ ತೂಕದಿಂದ ಶುರುಮಾಡಿ ವಾರಗಳು ಕಳೆದಂತೆ 6 ಸಲ ಮಾತ್ರ ಎತ್ತಬಲ್ಲ ತೂಕಕ್ಕೆ ಏರಬೇಕು. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಇದು ಆಲ್ಫ್ರೆಡ್ಸನ್ ಪದ್ಧತಿಗೆ ಸರಿಸಮನಾಗಿ ನಿಂತಿದೆ. ಜಿಮ್ಮಿಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಆ ಮೂರು ದಿನಗಳ ನಡುವೆ ಬಿಡುವು ಏಕೆ? ಭಾರಿ ವ್ಯಾಯಾಮದ ನಂತರದ 24–36 ಗಂಟೆ ಟೆಂಡನ್‌ನ ನಾರಾದ ಕೊಲಾಜನ್ ಕಟ್ಟಿಕೊಳ್ಳುವುದಕ್ಕಿಂತ ಒಡೆಯುವುದೇ ಹೆಚ್ಚು.

ಟೆಂಡನ್ನನ್ನು ಕೆಣಕುವುದು ತೂಕಕ್ಕಿಂತ ಹೆಚ್ಚಾಗಿ ವೇಗ. ಸ್ಕ್ವಾಟ್‌ನ ತಳದಲ್ಲಿ ಪುಟಿದೇಳುವುದು, ಜಿಗಿತ, ತೂಕವನ್ನು ಏಕಾಏಕಿ ಜಗ್ಗಿ ಎಳೆಯುವುದು: ಇವನ್ನು ಕೆಲಕಾಲ ಬಿಟ್ಟು, ಬಾಕ್ಸ್ ಮೇಲೆ ಕೂತೇಳುವ ನಿಧಾನ ಸ್ಕ್ವಾಟ್ ಮಾಡಿದರೆ ಎಷ್ಟೋ ಮಂಡಿಗಳು ಸಹಿಸುತ್ತವೆ. ವೇಗವನ್ನು ಮರಳಿ ತರುವುದು ಕೊನೆಗೆ.

ಎಷ್ಟು ನೋವು ಸರಿ? 2007ರ ಸ್ವೀಡಿಷ್ ಅಧ್ಯಯನವೊಂದರಲ್ಲಿ ಅಕಿಲಿಸ್ ನೋವಿದ್ದ ಒಂದು ಗುಂಪಿಗೆ ಓಟ-ಜಿಗಿತ ಮುಂದುವರಿಸಲು ಬಿಟ್ಟರು. ನೋವು ಹತ್ತಕ್ಕೆ ಐದನ್ನು ಮೀರಬಾರದು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು ಎಂಬುದು ಷರತ್ತು. ಇವರೂ ಮೊದಲ ಆರು ವಾರ ಓಟ ಬಿಟ್ಟವರಷ್ಟೇ ಚೇತರಿಸಿಕೊಂಡರು. ವ್ಯಾಯಾಮದ ಹೊತ್ತಿನ ನೋವಿಗಿಂತ ಮರುಬೆಳಗಿನ ನೋವನ್ನು ಬರೆದಿಡಿ.

ಸ್ಕ್ಯಾನ್ ನೋಡಿ ಹೆದರಬೇಡಿ. ಒಂದಿಷ್ಟೂ ನೋವಿಲ್ಲದ ಎಷ್ಟೋ ಆಟಗಾರರ ಟೆಂಡನ್‌ಗಳೂ ಅಲ್ಟ್ರಾಸೌಂಡಿನಲ್ಲಿ ಕೆಟ್ಟಂತೆ ಕಾಣುತ್ತವೆ.

ಸ್ಟೆರಾಯ್ಡ್ ಇಂಜೆಕ್ಷನ್ ಟೆನಿಸ್ ಎಲ್ಬೋಗೆ, ಅಂದರೆ ಮೊಣಕೈಯ ಟೆಂಡನ್ ನೋವಿಗೆ, ಕೆಲವು ವಾರ ಹಾಯೆನಿಸುತ್ತದೆ. ಆರು ತಿಂಗಳು, ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಪಡೆಯದವರೇ ಮುಂದಿರುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ.

ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳು ಟೆಂಡನ್ನನ್ನೇ ಹರಿಯುವಂತೆ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಇದಕ್ಕೆ ಅತಿ ಕಠಿಣ ಎಚ್ಚರಿಕೆ ಹಾಕಿಸಿದರು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ಜ್ವರಕ್ಕೋ ಮೂತ್ರದ ಸೋಂಕಿಗೋ ವೈದ್ಯರು ಚೀಟಿ ಬರೆಯುವ ಮುನ್ನ, ನೀವು ಭಾರ ಎತ್ತುವವರೆಂದೂ ಟೆಂಡನ್ ನೋವಿದೆಯೆಂದೂ ಹೇಳಿಬಿಡಿ.