ಐರೋಪ್ಯ ಪದವಿಗಳೂ ಹೈದರಾಬಾದಿನ ಬಿರುದುಗಳೂ

ಚರಿತ್ರೆಯ ಪಾಠಗಳಲ್ಲಿ ‘ಡ್ಯೂಕ್’ ಎಂದರೆ ನವಾಬ, ‘ಬ್ಯಾರನ್’ ಎಂದರೆ ಜಹಗೀರದಾರ ಎಂದು ಅರ್ಥ ಹೇಳಿ ಮುಂದೆ ಸಾಗುವ ರೂಢಿಯುಂಟು. 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ನಾಲವಾರ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಹಳೆಯ ಕಾಗದಪತ್ರಗಳನ್ನು ಓದಹೊರಟ ವಿದ್ಯಾರ್ಥಿಗೆ ಈ ಸಮೀಕರಣವು ತೊಡಕನ್ನೇ ತರುವುದು.

ಇಂಗ್ಲೆಂಡಿನಲ್ಲಿ ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಮೆಟ್ಟಿಲುಗಳಿವೆ. ಮೂಲದಲ್ಲಿ ಡ್ಯೂಕನು ದಂಡನಾಯಕ. ಮಾರ್ಕ್ವಿಸನು ಗಡಿನಾಡಿನ ಒಡೆಯ. ಕಾಲಕ್ರಮದಲ್ಲಿ ಅಧಿಕಾರವು ಭೂಮಿಯೊಡನೆ ಬೆರೆತು ವಂಶಕ್ಕೆ ಅಂಟಿಕೊಂಡಿತು. ಯುರೋಪಿನಲ್ಲಿಯೂ ಏಕರೂಪವಿಲ್ಲ. ಇಂಗ್ಲೆಂಡಿನಲ್ಲಿ ಪದವಿಯು ಸಾಮಾನ್ಯವಾಗಿ ಹಿರಿಯ ಮಗನೊಬ್ಬನಿಗೇ ಸಲ್ಲುವುದು. ಜರ್ಮನ್ ನಾಡುಗಳಲ್ಲಿ ಅರ್ಲ್‌ನಿಗೆ ಸಮಾನನಾದ ‘ಗ್ರಾಫ್’ನ ಮಕ್ಕಳೆಲ್ಲರೂ ಬಹುಮಟ್ಟಿಗೆ ಅದನ್ನು ಧರಿಸುತ್ತಿದ್ದರು.

ಹೈದರಾಬಾದಿನ ಏಣಿ ಬೇರೆ ಬಗೆಯದು. ಖಾನ್ ಬಹಾದೂರ್, ಜಂಗ್, ದೌಲಾ, ಮುಲ್ಕ್, ಉಮರಾ, ಜಾಹ್ ಎಂದು ಅದು ಕೆಳಗಿನಿಂದ ಏರುವುದು. ಹಿಂದೂ ಅಮೀರರಿಗೆ ರಾಯ್, ರಾಜಾ, ರಾಜಾ ಬಹಾದೂರ್, ಮಹಾರಾಜಾ ಮೊದಲಾದವು ಸಲ್ಲುತ್ತಿದ್ದವು. ಮೇಲಿನ ಬಿರುದು ಬಂದಾಗ ಕೆಳಗಿನದು ಅಳಿಯುತ್ತಿರಲಿಲ್ಲ. ಒಂದರ ಮೇಲೊಂದು ಕೂಡುತ್ತಿದ್ದವು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೀರ್ ತುರಾಬ್ ಅಲಿ ಖಾನರು ಸಾಲಾರ್ ಜಂಗ್, ಶುಜಾ-ಉದ್-ದೌಲಾ, ಮುಖ್ತಾರ್-ಉಲ್-ಮುಲ್ಕ್ ಎಂಬ ಮೂರನ್ನೂ ಹೊಂದಿದ್ದರು. ಲೋಕವು ಅವರನ್ನು ನೆನೆಯುತ್ತಿರುವುದು ಆ ಮೂರರಲ್ಲಿ ಅತ್ಯಂತ ಕೆಳಗಿನದರಿಂದ! ಎರಡು ಪತ್ರಗಳಲ್ಲಿ ಎರಡು ಹೆಸರು ಕಂಡು ಇಬ್ಬರು ವ್ಯಕ್ತಿಗಳನ್ನು ಕಲ್ಪಿಸುವ ಪ್ರಮಾದ ಇಲ್ಲಿಯೇ ಸಂಭವಿಸುವುದು.

ಇದಕ್ಕಿಂತ ಮುಖ್ಯವಾದುದು ಬಿರುದಿಗೂ ಭೂಮಿಗೂ ಇದ್ದ ಅಂತರ. 1887ರಲ್ಲಿ ದಿವಾನರಾದ ಆಸ್ಮಾನ್ ಜಾಹರು ಪಾಯಗಾ ಮನೆತನದವರು. ಆ ಮನೆತನದ ವಿಶಾಲ ಜಹಗೀರುಗಳು ಅಶ್ವದಳದ ಪೋಷಣೆಗಾಗಿ ಕೊಟ್ಟವು. ಅವರ ಮಗನನ್ನು ನಾವು ಮೊಯಿನ್-ಉದ್-ದೌಲಾ ಎಂದು ಬಲ್ಲೆವು (ಕ್ರಿಕೆಟ್ ಬಲ್ಲವರಿಗೆ ಅವರ ಹೆಸರಿನ ಬಂಗಾರದ ಬಟ್ಟಲು ಪರಿಚಿತವೇ). ತಂದೆ ‘ಜಾಹ್’, ಮಗ ‘ದೌಲಾ’! ಜಹಗೀರು ಮನೆತನದಲ್ಲಿ ಇಳಿದುಬಂದಿತು. ಶ್ರೇಣಿಯನ್ನು ಮಾತ್ರ ನಿಜಾಮರು ಹೊಸದಾಗಿ ದಯಪಾಲಿಸಬೇಕಾಗಿತ್ತು. ಡ್ಯೂಕನ ಹಿರಿಯ ಮಗನು ತಂದೆಯ ತರುವಾಯ ಡ್ಯೂಕನೇ ಆಗುವನು.

ಹಾಗಾದರೆ ಹೆಸರೂ ಅಧಿಕಾರವೂ ಭೂಮಿಯೂ ಒಟ್ಟಿಗೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಸ್ಥಾನ ನಮ್ಮಲ್ಲಿ ಇರಲಿಲ್ಲವೇ? ಇತ್ತು, ಆದರೆ ದರಬಾರಿನಲ್ಲಲ್ಲ, ಹಳ್ಳಿಯಲ್ಲಿ. ಕಂದಾಯ ವಸೂಲಿಯ ಮಾಲಿಪಾಟೀಲ, ಶಾಂತಿಪಾಲನೆಯ ಪೊಲೀಸ್ ಪಾಟೀಲ, ಲೆಕ್ಕದ ಕುಲಕರ್ಣಿ—ಇವರ ವತನುಗಳು ವಂಶಪಾರಂಪರ್ಯವಾಗಿದ್ದವು. ವೈಭವದಲ್ಲಿ ಬ್ಯಾರನನಿಗೂ ಮಾಲಿಪಾಟೀಲನಿಗೂ ಹೋಲಿಕೆಯಿಲ್ಲವೆಂಬುದು ನಿಜ. ಆದರೆ ಸ್ಥಾನದ ರಚನೆಯನ್ನು ನೋಡಿದರೆ ಬ್ಯಾರನನಿಗೆ ‘ಜಂಗ್’ ಬಿರುದಿನ ನವಾಬನಿಗಿಂತ ಈತನೇ ಹತ್ತಿರದವನೆಂದು ನಮ್ಮ ಅಭಿಪ್ರಾಯ.

ಜಹಗೀರುಗಳು 1949ರಲ್ಲಿ ರದ್ದಾದವು. 1950ರ ಸಂವಿಧಾನದ 18ನೆಯ ಅನುಚ್ಛೇದವು ಬಿರುದುಗಳ ಪ್ರದಾನವನ್ನು ನಿಲ್ಲಿಸಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಅಧಿನಿಯಮವು ತೆಗೆದುಹಾಕಿತು. ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಮನೆತನದ ಹೆಸರುಗಳು ಮಾತ್ರ ಈ ಭಾಗದ ಕಾಲೇಜುಗಳ ಹಾಜರಿ ಪಟ್ಟಿಗಳಲ್ಲಿ ಇಂದಿಗೂ ಕಾಣಸಿಗುವುವು.